ಅಕ್ಕೂರಿನ ಕಮರ್ಕಟ್ಟು

ಗಣೇಶ ಆ ಪೊಟ್ಟಣವನ್ನು ಕ್ಯಾಂಟೀನಿಗೆ ತರದೆ ಹೋಗಿದ್ದರೆ ನಟರಾಜು ಭಾನುವಾರ ಹಾಯಾಗಿ ಮಲಗಿರುತ್ತಿದ್ದ. ಇಬ್ಬರೂ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವರು. ಗಣೇಶ ಇನ್ನೂ ಹುಡುಗ, ನಟರಾಜು ಐವತ್ತು ದಾಟಿದವನು. ಶನಿವಾರ ಊಟವಾದ ಮೇಲೆ ಗಣೇಶ ಬಣ್ಣಬಣ್ಣದ ಪೊಟ್ಟಣ ಹರಿದು, ಅಜ್ಜಿ ಕಾಲದ ಕಮರ್ಕಟ್ಟು ಎಂದು ಎಲ್ಲರಿಗೂ ಒಂದೊಂದು ಹಂಚಿದ. ನಟರಾಜು ಬಾಯಿಗೆ ಹಾಕಿಕೊಂಡು ಎರಡು ಸಲ ಚೀಪಿದ, ಆಮೇಲೆ ಅಂಗೈಗೆ ಉಗಿದುಕೊಂಡು ನೋಡಿದ.

“ಇದಾ ಕಮರ್ಕಟ್ಟು? ಯಾವ ಅಜ್ಜೀಲಾ ಇದ್ನ ಮಾಡಿದ್ದು?”

“ಯಾಕಣ್ಣಾ? ಬೆಲ್ಲ ಐತೆ, ಕಾಯಿ ಐತೆ. ಇನ್ನೇನ್ ಬೇಕು?”

“ಅಕ್ಕೂರು ಸ್ಕೂಲ್ ಮುಂದೆ ಪುಟ್ಟಲಕ್ಷ್ಮಮ್ಮಜ್ಜಿ ಮಾರೋಳಲ್ಲ, ಅದು ಕಮರ್ಕಟ್ಟು! ದವಡೇಲಿ ಇಟ್ಕಂಡ್ರೆ ಮೂಗಿನ ತಂಕ ಘಮ ಏರೋದು. ಮೇಷ್ಟ್ರು ಹೊಡೆದ್ರೂ ಬಾಯಿ ಬುಡ್ತಿರ್ಲಿಲ್ಲ ನಾವು.”

ಪಕ್ಕದಲ್ಲಿ ಕೂತಿದ್ದ ರಸೂಲ್ ನಟರಾಜುವಿನ ಓರಗೆಯವನು. ಅವನಿಗೆ ಸಾಕಾಗಿ ಹೋಗಿತ್ತು. “ಲೇ ನಟ, ನಿನ್ನ ಜೊತೆ ಕೆಲಸಕ್ಕೆ ಸೇರಿದಾಗಿಂದ ಈ ಅಜ್ಜಿ ಪುರಾಣ ಕೇಳ್ತಾ ಇದೀನಿ. ಒಂದ್ ದಿನಾನಾದ್ರೂ ತಂದು ತೋರ್ಸಿದೀಯೇನ್ಲಾ? ಅಂಥಾ ರುಚಿ ಇರ್ಲೇ ಇಲ್ಲ. ಎಲ್ಲಾ ನಿನ್ನ ತಲೇಲಿ ಹುಟ್ಟಿದ್ದು.”

ಈ ಮಾತು ನಟರಾಜುವಿಗೆ ಚುಚ್ಚಿತು. ಕನಕಪುರ, ಮಾಗಡಿ, ರಾಮನಗರ, ಎಲ್ಲಿ ಹೋದರೂ ಅಂಗಡಿಯ ಗಾಜಿನ ಡಬ್ಬಿಗಳಲ್ಲಿ ಕಣ್ಣು ನೆಟ್ಟು ಹುಡುಕಿದ್ದ. ಸಿಕ್ಕಿದ್ದನ್ನೆಲ್ಲ ಚೀಪಿ ಉಗಿದಿದ್ದ. ಆ ಘಮ ಒಂದರಲ್ಲೂ ಇರಲಿಲ್ಲ. ರಸೂಲ್ ಹೇಳಿದ್ದೇ ನಿಜವಾಗಿಬಿಟ್ಟರೆ ಎಂಬ ಭಯ ಅವನಿಗೂ ಒಳಗೊಳಗೇ ಇತ್ತು.

“ಸೋಮವಾರ ತತ್ತೀನಿ ಕಣ್ಲಾ,” ಎಂದು ಎದ್ದು ನಿಂತ. “ತರ್ದೆ ಹೋದ್ರೆ ಈ ಬಾಯಲ್ಲಿ ಕಮರ್ಕಟ್ಟು ಅನ್ನೋ ಮಾತೇ ಬರಲ್ಲ.”

ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ, ಮುಖಕ್ಕೆ ಪೌಡರು ಹಚ್ಚಿಕೊಂಡು ಹೊರಟ. ಅಜ್ಜಿ ಗಟ್ಟಿಯಾಗಿದ್ದಾಳೆಂದು ಊರ ಕಡೆಯವರಿಂದ ಕೇಳಿದ್ದ. ಬರಿಗೈಯಲ್ಲಿ ಹೋಗಬಾರದೆಂದು ಕನಕಪುರದಲ್ಲಿ ಎರಡು ಅಚ್ಚು ಬೆಲ್ಲ, ಒಂದು ದಪ್ಪ ತೆಂಗಿನಕಾಯಿ ಕೊಂಡು ಚೀಲಕ್ಕೆ ಹಾಕಿದ. ಬಸ್ಸು ಬದಲಾಯಿಸಿ ಅಕ್ಕೂರಿನಲ್ಲಿ ಇಳಿದಾಗ ಅವನ ಬಾಯಲ್ಲಿ ಆಗಲೇ ನೀರೂರಿತ್ತು.

ಅಜ್ಜಿಯ ಮನೆಯ ಮುಂದೆ ಮದುವೆಮನೆಯಷ್ಟು ಜನ ಓಡಾಡುತ್ತಿದ್ದರು. ಪುಟ್ಟಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಎಲ್ಲರನ್ನೂ ಗದರುತ್ತಿದ್ದಳು. ನಟರಾಜು ತನ್ನ ಗುರುತು ಹೇಳಿ ಕಾಲಿಗೆ ಬಿದ್ದ.

“ಕುರಿ ಕೆಂಚಪ್ಪನ ಮಗನಾ? ಮೂಗಲ್ಲಿ ಸದಾ ಗೊಣ್ಣೆ ಸುರಿಸ್ಕಂಡು ನಿಂತಿರ್ತಿದ್ದ ನಟನಾ? ಒಳ್ಳೆ ಹೊತ್ಗೆ ಬಂದೆ ಕಣ್ ಮಗ!” ಎಂದು ಅಜ್ಜಿ ಹಿಗ್ಗಿದಳು.

“ಅಜ್ಜಿ, ನಿನ್ ಕೈಯಿನ ಕಮರ್ಕಟ್ಟು ತಿನ್ಬೇಕು ಅಂತ...”

“ಅದ್ಕೇನಂತೆ, ಮಾಡ್ಕೊಡ್ತೀನಿ. ಮೊದ್ಲು ಹುಳ ಹತ್ಸು.”

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಳ ಹಣ್ಣಾದ ದಿನ ನೆಂಟ, ಸಾಲಗಾರ, ಪೋಸ್ಟ್‌ಮ್ಯಾನ್ ಎಂಬ ಭೇದವಿಲ್ಲ. ಹಣ್ಣಾದ ಹುಳ ಮೇವು ಬಿಟ್ಟು ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಕತ್ತಲಾಗುವುದರೊಳಗೆ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿಸಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು. ಆದ್ದರಿಂದ ಬಾಗಿಲಿಗೆ ಬಂದವರೆಲ್ಲ ಕೂಲಿಯವರೇ.

ಅಜ್ಜಿಯ ಮಗ ಮಾಯಣ್ಣ ಬಂದು ನಟರಾಜುವನ್ನು ಮೂಸಿದ. “ಪೌಡ್ರ್ ಹಾಕ್ಕಂಡು ಹುಳದ ಮನೆಗೆ ಬತ್ತಾರೇನಣ್ಣಾ? ವಾಸ್ನೆ ಹುಳಕ್ಕೆ ಆಗ್ಬರಲ್ಲ, ಹೋಗಿ ತೊಳ್ಕಂಡ್ ಬಾ!”

ನಟರಾಜು ನಲ್ಲಿಯ ಕೆಳಗೆ ಮುಖ, ತಲೆ, ಕತ್ತು ಎಲ್ಲ ತೊಳೆದು, ಯಾರದೋ ಹಳೇ ಪಂಚೆ ಸುತ್ತಿಕೊಂಡು ಒಳಗೆ ಹೋದ. ಚೀಲ ಕಣ್ಣಳತೆಯಲ್ಲೇ ಇರಲಿ ಎಂದು ಹುಳದ ತಟ್ಟೆಗಳ ಸಾಲಿನ ಪಕ್ಕದ ಗೋಡೆಗೆ ಒರಗಿಸಿಟ್ಟ. ಮೊದಲ ಹುಳವನ್ನು ಹಿಡಿದಾಗ ಅದು ತಣ್ಣಗೆ ಬೆರಳಿಗೆ ಅಂಟಿಕೊಂಡಿತು. ಅವನು ಹೌಹಾರಿ ಕೈ ಕೊಡವಿದ. ಹುಳ ಹೋಗಿ ಪಕ್ಕದ ಮನೆಯ ಲಿಂಗಯ್ಯನ ಬೋಳುತಲೆಯ ಮೇಲೆ ಕೂತಿತು.

“ಏನ್ಲಾ ಇದು, ನನ್ ತಲೇನೇ ಚಂದ್ರಿಕೆ ಮಾಡ್ಕಂಡ್ಯಾ?” ಎಂದ ಲಿಂಗಯ್ಯ. ಊರಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ತಪ್ಪು ಕಂಡುಹಿಡಿಯುವ ಜವಾಬ್ದಾರಿ ಈತನದು. ನಟರಾಜು ಹುಳ ಹಿಡಿಯುವ ರೀತಿ, ಕೂರುವ ರೀತಿ, ಉಸಿರಾಡುವ ರೀತಿ ಎಲ್ಲದಕ್ಕೂ ಒಂದೊಂದು ತಿದ್ದುಪಡಿ ಹೇಳುತ್ತಾ ಹೋದ. ಕೊನೆಗೆ ಗೋಡೆಯ ಕಡೆ ನೋಡಿ ಎದ್ದು ನಿಂತುಬಿಟ್ಟ.

“ಅಯ್ಯಯ್ಯೋ ಇರುವೆ! ಮಾಯಣ್ಣಾ, ಇರುವೆ ಕಣೋ!”

ಕಟ್ಟಿರುವೆಗಳು ಕಿಟಕಿಯಿಂದ ಸಾಲು ಕಟ್ಟಿ ನಟರಾಜುವಿನ ಚೀಲದೊಳಕ್ಕೆ ಇಳಿಯುತ್ತಿದ್ದವು. ಹುಳದವರಿಗೆ ಇರುವೆ ಎಂದರೆ ಕಳ್ಳನಿಗಿಂತ ಹೆಚ್ಚು. ಕಳ್ಳ ಗೂಡು ಕದ್ದಾನು. ಇರುವೆ ಹುಳವನ್ನೇ ತಿಂದುಹಾಕುತ್ತದೆ.

“ಯಾವನ್ಲಾ ಹುಳದ ಮನೆಗೆ ಬೆಲ್ಲ ತಂದೋನು?” ಮಾಯಣ್ಣನ ಕೂಗು ಊರ ಬಾಗಿಲಿಗೆ ಕೇಳಿಸಿತು. “ಹುಳ ಬಂದಾಗಿಂದ ನಾವು ಕಾಪೀನೂ ಬೆಲ್ಲ ಇಲ್ದೆ ಕುಡಿದಿದೀವಿ!”

ನಟರಾಜು ಚೀಲವನ್ನೆತ್ತಿ ಎದೆಗವಚಿಕೊಂಡು ಓಡಿದ. ರಸ್ತೆಯಾಚೆಯ ಹುಣಸೆ ಮರ ಮುಟ್ಟುವಷ್ಟರಲ್ಲಿ ಇರುವೆಗಳು ಪಂಚೆಯೊಳಗೂ ಹೊಕ್ಕು ತಮ್ಮ ಕೆಲಸ ಶುರುಮಾಡಿದ್ದವು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು, ಮರದ ಕೆಳಗೆ ಕುಣಿಯುತ್ತಿರುವ ಈ ನಡುವಯಸ್ಸಿನವನಿಗೆ ಯಾವ ದೇವರು ಬಂದಿರಬಹುದೆಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಮಾಡಿದ ತಪ್ಪಿಗೆ ಬೇರೆ ದಾರಿ ಇರಲಿಲ್ಲ. ಚೀಲವನ್ನು ಕೊಂಬೆಗೆ ನೇತುಹಾಕಿ ಬಂದು, ಮೈಯೆಲ್ಲ ತುರಿಸಿಕೊಳ್ಳುತ್ತಾ ಸಂಜೆಯವರೆಗೂ ಹುಳ ಆರಿಸಿದ. ಸೊಂಟ ಹಿಡಿದುಕೊಂಡಿತು. ಆದರೂ ಆ ಘಮವನ್ನು ನೆನೆದಾಗಲೆಲ್ಲ ಕೈ ಚುರುಕಾಗುತ್ತಿತ್ತು. ಕೊನೆಯ ಚಂದ್ರಿಕೆ ತುಂಬಿದಾಗ ಮಾಯಣ್ಣನೂ ತಣ್ಣಗಾಗಿದ್ದ.

“ಪಾಪ, ಕಷ್ಟಪಟ್ಟವ್ನೆ. ನಮ್ಮನೇಲಿ ಪಾಕ ಇಡಂಗಿಲ್ಲ. ಲಿಂಗಯ್ಯನ ಹಿತ್ಲಲ್ಲಿ ಮಾಡ್ಕೊಡವ್ವ,” ಎಂದ.

ಲಿಂಗಯ್ಯನ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೊತ್ತಿತು. ಅಜ್ಜಿ ಬೆಲ್ಲ ಕುಟ್ಟಿ ಬಾಣಲೆಗೆ ಹಾಕಿದಳು, ಕಾಯಿ ತುರಿದಳು. ಹುಳ ಹತ್ತಿಸಿದವರೆಲ್ಲ ಸುತ್ತ ಕೂತರು. ರಸೂಲ್‌ಗೆ ಸಾಕ್ಷಿ ಬೇಕಲ್ಲ? ನಟರಾಜು ಗಣೇಶನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನೀರಿನ ಬಿಂದಿಗೆಗೆ ಒರಗಿಸಿಟ್ಟ. “ನೋಡ್ಲಾ ಗಣೇಶ, ಕಣ್ ಬುಟ್ಟು ನೋಡು. ಆ ರಸೂಲನ್ನೂ ಕರಿ!” ರಸೂಲ್ ಅಲ್ಲೇ ಇದ್ದ, ಇಬ್ಬರೂ ಟೀ ಅಂಗಡಿಯಲ್ಲಿದ್ದರು.

ಪಾಕದ ಹನಿ ನೀರಿಗೆ ಬಿದ್ದು ಕಲ್ಲಾಯಿತು. ಅಜ್ಜಿ ಬಿಸಿಬಿಸಿಯಾಗೇ ಉಂಡೆ ಕಟ್ಟಿ ಹಾಕಿದಳು. ಮೊದಲನೆಯದು ಆರಿದ ಮೇಲೆ ನಟರಾಜು ಅದನ್ನು ಕಣ್ಣಿಗೊತ್ತಿಕೊಂಡು ದವಡೆಗೆ ಸೇರಿಸಿದ. ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ಆ ಕಡೆ ಹೊರಳಿಸಿದ, ಈ ಕಡೆ ಹೊರಳಿಸಿದ. ಬೆಲ್ಲ ಬಂತು, ಕಾಯಿ ಬಂತು. ಘಮ ಬರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು, ದುಃಖದಿಂದಲೇ.

“ಅಜ್ಜಿ... ಏನೋ ಕಮ್ಮಿ ಐತೆ.”

“ಕಮ್ಮೀನಾ? ಅಮೃತ ಇದ್ದಂಗೈತೆ!” ಎಂದ ಲಿಂಗಯ್ಯ, ಎರಡು ಕೆನ್ನೆಗೂ ಒಂದೊಂದು ತುರುಕಿಕೊಂಡು. ಜೀವಮಾನದಲ್ಲಿ ಅವನು ತಪ್ಪು ಹುಡುಕದೆ ಬಿಟ್ಟ ಮೊದಲ ವಸ್ತು ಅದು.

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು.

“ಅಯ್ಯೋ ನನ್ ಮಗನೇ, ನೀನು ಆ ರುಚಿ ಹುಡ್ಕಂಡ್ ಬಂದ್ಯಾ? ಅವಾಗ ನಿಮಗೆ ಕಾಯಿ ಎಲ್ಲಿಂದ ತಂದು ಹಾಕ್ಲಿ? ಇದ್ದ ಕಾಯೆಲ್ಲ ಸಂತೆಗೋಗೋದು. ಪಕ್ಕದಾಗೇ ಎತ್ತಿನ ಗಾಣ ಇತ್ತಲ್ಲ, ಅಲ್ಲಿ ಎಣ್ಣೆ ತೆಗೆದು ಉಳಿದ ಕಳ್ಳೆಕಾಯಿ ಹಿಂಡಿ ಎಮ್ಮೆಗೆ ಅಂತ ತತ್ತಿದ್ದೆ. ಗಾಣದ ಹಿಂಡೀಲಿ ಒಸಿ ಎಣ್ಣೆ ಉಳ್ದು ಘಮ್ ಅನ್ನೋದು. ಅದ್ನೇ ಒಸಿ ಹುರಿದು ಕುಟ್ಟಿ ಪಾಕಕ್ಕೆ ಹಾಕ್ತಿದ್ದೆ. ಎಮ್ಮೆಗೊಂದು ಪಾಲು, ನಿಮಗೊಂದು ಪಾಲು. ಎಮ್ಮೇನೂ ಚೆನ್ನಾಗಿತ್ತು, ನೀವೂ ಚೆನ್ನಾಗಿದ್ರಿ.”

ಹಿತ್ತಿಲು ನಗೆಯಿಂದ ಅದುರಿತು. ನಟರಾಜು ಮಾತ್ರ ಕೂತಲ್ಲೇ ಕೂತಿದ್ದ. ಇಷ್ಟು ವರ್ಷ ಊರೂರು ಅಲೆದು ತಾನು ಹಂಬಲಿಸಿದ್ದು ಎಮ್ಮೆಯ ಬಾನಿಯಲ್ಲಿದ್ದ ರುಚಿಗೆ! ನಾಚಿಕೆಯಾಯಿತು. ಆದರೆ ಹಿಂಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಘಮ ಎಲ್ಲಿಂದಲೋ ಬಂದು ಮೂಗಿನೊಳಗೆ ನಿಂತಿತು. ಅಂದರೆ ರುಚಿ ನಿಜವಾಗಿಯೂ ಇತ್ತು. ಅದು ಅವನ ತಲೆಯಲ್ಲಿ ಹುಟ್ಟಿದ್ದಲ್ಲ.

ಅಷ್ಟರಲ್ಲಿ ಬಿಂದಿಗೆಯ ಕಡೆಯಿಂದ ರಸೂಲ್ ಕೆಮ್ಮುತ್ತಾ, ಗೊರಕೆ ಹೊಡೆದಂತೆ ನಗುವುದು ಕೇಳಿಸಿತು. ಫೋನನ್ನು ಆರಿಸುವುದೇ ನಟರಾಜುವಿಗೆ ಮರೆತುಹೋಗಿತ್ತು. ಇನ್ನು ಫ್ಯಾಕ್ಟರಿಯಲ್ಲಿ ತಲೆಯೆತ್ತಿ ಊಟ ಮಾಡುವ ಕಾಲ ಮುಗಿಯಿತು ಎಂದುಕೊಂಡ.

“ನಟರಾಜಣ್ಣಾ,” ಗಣೇಶ ನಗು ತಡೆದುಕೊಂಡು ಕೂಗಿದ, “ನೀನೇನೂ ತರ್ಬೇಡ ಕಣಣ್ಣಾ. ನಮ್ಮನೇಲಿ ಹಸೂಗೆ ಅಂತ ಒಂದು ಮೂಟೆ ಹಿಂಡಿ ತಂದವ್ರೆ. ನಾಳೆ ನಿನ್ನ ಊಟಕ್ಕೆ ಒಂದು ಡಬ್ಬಿ ತುಂಬ್ಕಂಡ್ ಬತ್ತೀನಿ!”

ನಟರಾಜು ಎದ್ದು ಹೋಗಿ ಫೋನ್ ಕೈಗೆ ತೆಗೆದುಕೊಂಡ. ಬೈಯುತ್ತಾನೆಂದು ಎಲ್ಲರೂ ಕಿವಿ ನಿಮಿರಿಸಿದರು. ಅವನು ಗೋಡೆಯ ಕಡೆ ತಿರುಗಿ, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಮೆಲ್ಲಗೆ ಕೇಳಿದ:

“ಗಾಣದ್ದೇನ್ಲಾ?”

“ಗಾಣ ಎಲ್ಲೈತಣ್ಣಾ ಈಗ? ಮಿಲ್ಲಿಂದು.”

“ಹಂಗಾರೆ ಬ್ಯಾಡ ಬುಡು,” ಎಂದ ನಟರಾಜು.