ಯಮಾತಾರಾಜ ಜಗಳಂ

ಮಾರಕ್ಕನ ಗಂಟಲು ಕಟ್ಟಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಅದೂ ಯಾವ ದಿನ? ರೇಷ್ಮೆ ಹುಳುವಿಗೆಂದು ಕೊಯ್ದಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನು ಎದುರುಮನೆ ಕೆಂಚಮ್ಮನ ಮೇಕೆ ಅರ್ಧ ತಿಂದು, ಉಳಿದರ್ಧ ತುಳಿದ ದಿನ. ಕೂಟಗಲ್ಲಿನ ಆ ಬೀದಿಯಲ್ಲಿ ಇವರಿಬ್ಬರ ಜಗಳ ಕೇಳದೆ ಯಾರಿಗೂ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ. ಇವತ್ತು ಮಾರಕ್ಕ ಬಾಯಿ ತೆರೆದರೆ ಬರೀ ಗಾಳಿ.

ಅವಳು ಮಗ ಯೋಗಾನಂದನ ರಟ್ಟೆ ಹಿಡಿದು ಬೀದಿಗೆ ನೂಕುತ್ತ ಪಿಸುಗುಟ್ಟಿದಳು: "ಎಸ್ಸೆಸ್ಸೆಲ್ಸೀಲಿ ಕನ್ನಡಕ್ಕೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ತಗಂಡಿದೀಯಲ್ಲ, ಓಗಿ ಬಯ್ಯಿ. ಇವತ್ತು ಬುಟ್ರೆ ನಾಳೆ ಉಳಕ್ಕೆ ಸೊಪ್ಪೇ ಇರಕಿಲ್ಲ. ಸೋತು ಬಂದ್ರೆ ಮುದ್ದೆ ಇಲ್ಲ!"

ಬಸ್‌ ಸ್ಟಾಪಿನಲ್ಲಿ ಅವನ ಫೋಟೋದ ಫ್ಲೆಕ್ಸ್ ಇನ್ನೂ ಮಾಸಿರಲಿಲ್ಲ. ಪಾಪ, ಮರ್ಯಾದೆ ಉಳಿಸಿಕೊಳ್ಳಬೇಕಲ್ಲ! ಯೋಗಾನಂದ ಗಂಟಲು ಸರಿಮಾಡಿಕೊಂಡ.

"ಮಾನ್ಯರೇ, ವಿಷಯ: ತಮ್ಮ ಮೇಕೆಯು ನಮ್ಮ ಸೊಪ್ಪನ್ನು ಭಕ್ಷಿಸಿರುವ ಬಗ್ಗೆ."

ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದ ಕೆಂಚಮ್ಮ ತಬ್ಬಿಬ್ಬಾದಳು. "ಏನ್ಲಾ ಅದು, ಕೋರ್ಟ್ ನೋಟೀಸಾ? ಬಯ್ಯಂಗಿದ್ರೆ ಬಯ್ಲಾ, ನಂಗೂ ಒಲೆ ಮ್ಯಾಲೆ ಎಸ್ರೈತೆ!"

"ಒಸಿ ಖಾರ ಹಾಕ್ಲಾ ಮಗಾ!" ಪಕ್ಕದ ಜಗುಲಿಯಿಂದ ಸಿದ್ದಯ್ಯ ಹುರಿದುಂಬಿಸಿದ. "ನಿಮ್ಮವ್ವ ಆಗಿದ್ರೆ ಇಷ್ಟೊತ್ಗೆ ಮೂರು ತಲೆಮಾರು ತೊಳ್ದಾಕ್ಬುಡೋಳು!"

"ಗಾದೆಗಳು ವೇದಕ್ಕೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಪ್ರಸ್ತುತ ಈ ಗಾದೆಯು..."

ಯಾವ ಗಾದೆ ಎಂಬುದೇ ಮರೆತುಹೋಯಿತು. ಬೀದಿ ಗೊಳ್ಳೆಂದಿತು. ಮೇಕೆ ಕೂಡ ಮೆಲುಕು ನಿಲ್ಲಿಸಿ ನೋಡಿತು.

ಕಿಟಕಿಯಲ್ಲಿ ಅವ್ವನ ಕಣ್ಣು ಕೆಂಡವಾಗಿತ್ತು. ಬೆವೆತುಹೋದ ಯೋಗಾನಂದನ ತಲೆಯಲ್ಲಿ ಉಳಿದಿದ್ದು ಛಂದಸ್ಸಿನ ಸೂತ್ರವೊಂದೇ. ಕಡ್ಡಿ ಎತ್ತಿಕೊಂಡು, ಮಣ್ಣಿನ ಮೇಲೆ ಗುರುವಿಗೊಂದು ಗೆರೆ, ಲಘುವಿಗೊಂದು ಬಟ್ಟಲು ಎಳೆಯುತ್ತ, ಎಡಗೈ ಬೆರಳು ಎಣಿಸುತ್ತ, ಕಣ್ಣುಮುಚ್ಚಿ ಅರಚಿದ: "ಯಮಾತಾರಾಜಭಾನಸಲಗಂ! ಯಮಾತಾರಾಜಭಾನಸಲಗಂ!"

"ಅಯ್ಯಯ್ಯೋ! ಯಮನ್ನ ಕರೀತಾವ್ನೆ! ಮಂಡ್ಲ ಬರೀತಾವ್ನೆ!" ಕೆಂಚಮ್ಮ ಕಿರುಚಿದಳು. ಅದೇ ಹೊತ್ತಿಗೆ, ಹೊಟ್ಟೆ ಬಿರಿಯ ತಿಂದಿದ್ದ ಮೇಕೆ ದೊಪ್ಪನೆ ಉರುಳಿ ಮಲಗಿತು. ಕೆಂಚಮ್ಮ ಅದನ್ನು ಬಾಚಿ ತಬ್ಬಿಕೊಂಡು ಒಳಗೋಡಿ ಚಿಲಕ ಹಾಕಿದಳು. ಸಿದ್ದಯ್ಯನೂ ಜಗುಲಿಯಿಂದ ಮಾಯವಾದ.

ಮಧ್ಯಾಹ್ನ ಯೋಗಾನಂದನಿಗೆ ಎರಡು ಮುದ್ದೆ, ಮೇಲೆ ತುಪ್ಪ ಬೇರೆ. ಓದಿದ ಕನ್ನಡ ಕೊನೆಗೂ ಕೆಲಸಕ್ಕೆ ಬಂತಲ್ಲ ಎಂದು ಹಿಗ್ಗಿಹೋದ.

ಸಂಜೆಗೆ ಮೆಣಸಿನ ಕಷಾಯ ಹಿಡಿಸಿ ಮಾರಕ್ಕನ ದನಿ ಮರಳಿತು. ಬೆಳಗಿನ ಬಾಕಿ ತೀರಿಸಲು ಸಡಗರದಿಂದ ಬೀದಿಗೆ ಬಂದು ಶುರುಮಾಡಿದಳು: "ಎಲ್ಲೈತಮ್ಮೀ ನಿನ್ನ ಹೊಟ್ಟೆಬಾಕ ಮ್ಯಾಕೆ?"

ಕೆಂಚಮ್ಮ ಬಾಗಿಲು ಒಂದಿಷ್ಟೇ ತೆಗೆದು ಕೈಮುಗಿದಳು. "ತಪ್ಪಾಯ್ತು ಕಣವ್ವಾ. ಮ್ಯಾಕೆ ಕಟ್ಟಾಕಿವ್ನಿ. ಇನ್ ಯಾವತ್ತೂ ನಿನ್ ಕುಟ್ಟೆ ಜಗಳಕ್ಕೆ ಬರಕಿಲ್ಲ. ನಿನ್ ಮಗನಿಗೂ ಒಸಿ ಏಳು, ಯಮನ್ನ ಕರೀಬ್ಯಾಡ ಅಂತ." ಬಾಗಿಲು ಮುಚ್ಚಿತು.

ಮಾರಕ್ಕ ಇನ್ನೊಂದು ಬೈದು ನೋಡಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದಷ್ಟೇ ಬಂತು. ಮದುವೆಯಾಗಿ ಬಂದಾಗಿನಿಂದ ಜೊತೆ ಕೊಟ್ಟ ಜಗಳಗಾತಿ ಕೈಬಿಟ್ಟುಹೋದಳೆಂದು ತಿಳಿದಾಗ ಅವಳ ಕಣ್ಣಲ್ಲಿ ನೀರೇ ಬಂತು. ನಿಧಾನಕ್ಕೆ, ಹಿಂದೆಯೇ ಬಂದು ನಿಂತಿದ್ದ ಮಗನತ್ತ ತಿರುಗಿದಳು.

"ನನ್ ಬಾಯಿಗೆ ಇದ್ದಿದ್ದೊಂದೇ ಜೋಡಿ ಕಣ್ಲಾ ಅವಳು! ಓಡಿಸ್ಬುಟ್ಯಲ್ಲೋ! ಇನ್ಮ್ಯಾಲೆ ಯಾರ್ ಕುಟ್ಟೆ ಆಡ್ಲಿ ಜಗಳವ? ನಿನ್ ಕುಟ್ಟೇನೇ!"

ಯೋಗಾನಂದ ಮೆಲ್ಲಗೆ ಕಡ್ಡಿಗೆ ಕೈಚಾಚಿದ. ಅವ್ವ ಅದನ್ನೂ ಕಿತ್ತುಕೊಂಡಳು.

ಆಮೇಲೆ ಕತ್ತಲಾಗುವವರೆಗೂ ಅವನ ಮೇಲೆ ಸುರಿದದ್ದು ಅಪ್ಪಟ ಕನ್ನಡ. ಅದರಲ್ಲಿ ನೂರಿಪ್ಪತ್ತೈದು ಅಂಕದ ಯೋಗಾನಂದನಿಗೆ ಪೂರ್ತಿ ಅರ್ಥವಾದದ್ದು ಕೊನೆಯ ಎರಡೇ ಪದ: "ಮುದ್ದೆ ಇಲ್ಲ."