ನೂರ ಮೂವತ್ತನಾಲ್ಕು ಯೂನಿಟ್ಟಿನ ವ್ಯತ್ಯಾಸ

ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಅತಿ ಕಡಿಮೆ ಕರೆಂಟ್ ಬಿಲ್ ಬರುತ್ತಿದ್ದುದು ಲೆಕ್ಕದ ಮೇಷ್ಟ್ರ ಮನೆಗೆ. ಇದು ಅದೃಷ್ಟವಲ್ಲ, ಶಿಸ್ತು ಎಂದು ಅವರು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಯಾರಾದರೂ ಕೋಣೆಯಿಂದ ಎದ್ದರೆ ಸಾಕು, ಮೇಷ್ಟ್ರು ನೆರಳಿನಂತೆ ಹಿಂದೆ ಹೋಗಿ ಸ್ವಿಚ್ ಆರಿಸುವರು. ಒಮ್ಮೆ ಹೆಂಡತಿ ಬಚ್ಚಲುಮನೆಯಲ್ಲಿ ಇರುವಾಗಲೇ ಹೊರಗಿನಿಂದ ದೀಪ ಆರಿಸಿ, ಒಂದು ವಾರ ಒಗ್ಗರಣೆ ಇಲ್ಲದ ಸಾರು ಉಂಡಿದ್ದರು.

ಹೀಗಿರುವಾಗ ಒಂದು ಸಂಜೆ, ನೆಲಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರಮ್ಮ ಮೇಲೆ ಬಂದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕರೆಂಟ್ ಬಿಲ್ಲು.

"ಮೇಷ್ಟ್ರೇ, ನನ್ನ ಅಂಗಡೀಲಿ ಇರೋದೇ ಒಂದು ಮಿಷನ್ನು, ಒಂದು ಫ್ಯಾನು, ಒಂದು ಲೈಟು, ಒಂದು ಇಸ್ತ್ರಿಪೆಟ್ಟಿಗೆ. ಆದ್ರೂ ಬಿಲ್ಲು ನಿಮ್ಮನೇದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಹಿಂಗೇ ಆದ್ರೆ ಇನ್ನೆರಡು ತಿಂಗಳಲ್ಲಿ ಅಂಗಡಿ ಖಾಲಿ ಮಾಡ್ಬೇಕಾಗುತ್ತೆ."

ಮೇಷ್ಟ್ರು ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಇದು ಒಂದು ಸಂಜೆಯ ಕೆಲಸ, ಯಾವ ಯಂತ್ರ ಎಷ್ಟು ತಿನ್ನುತ್ತದೆ ಎಂದು ಹೊಟ್ಟೆ ಬಗೆದು ತೋರಿಸುತ್ತೇನೆ ಎಂದು ಮಾತು ಕೊಟ್ಟರು. ಒಳಗೆ ಹಿಟ್ಟು ಕಲಸುತ್ತಿದ್ದ ಹೆಂಡತಿ, ಮೊದಲು ಮನೆಯ ಮಿಕ್ಸಿಯ ಹೊಟ್ಟೆ ಬಗೆದು ರಿಪೇರಿ ಮಾಡಿದ್ದರೆ ಚೆನ್ನಾಗಿತ್ತು ಎಂದದ್ದು ಅವರ ಕಿವಿಗೆ ಬೀಳಲಿಲ್ಲ, ಅಥವಾ ಬೀಳಿಸಿಕೊಳ್ಳಲಿಲ್ಲ.

ಮರುದಿನ ಶಾಲೆ ಮುಗಿಸಿ ಬಂದವರೇ ಅಂಗಡಿಯಲ್ಲಿ ಸ್ಟೂಲು ಎಳೆದುಕೊಂಡು ಕೂತರು. ಯಂತ್ರದ ಬೆನ್ನಿಗೆ ಬರೆದಿರುವ ವ್ಯಾಟನ್ನು ಓದು, ಅದು ಓಡುವ ಗಂಟೆಯಿಂದ ಗುಣಿಸು, ಸಾವಿರದಿಂದ ಭಾಗಿಸು, ಬಂದದ್ದೇ ಯೂನಿಟ್ಟು. ಏಳನೇ ಕ್ಲಾಸಿನ ಲೆಕ್ಕ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ದಿನಕ್ಕೆ ಒಂದು ಗಂಟೆ, ತಿಂಗಳಿಗೆ ಮೂವತ್ತು ಯೂನಿಟ್ಟು. ಮಿಷನ್ನಿನ ಮೋಟಾರಿಗೆ ಇಪ್ಪತ್ತನಾಲ್ಕು. ಫ್ಯಾನಿಗೆ ಹದಿನೆಂಟು. ದೀಪಕ್ಕೆ ಆರು. ಒಟ್ಟು ಎಪ್ಪತ್ತೆಂಟು. ಬಿಲ್ಲಿನಲ್ಲಿ ಇದ್ದದ್ದು ಇನ್ನೂರ ಹನ್ನೆರಡು.

ಮೂರು ಸಲ ಕೂಡಿದರು. ಮೂರು ಸಲವೂ ನೂರ ಮೂವತ್ತನಾಲ್ಕು ಯೂನಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಇಸ್ತ್ರಿಪೆಟ್ಟಿಗೆಯೇ ಸುಳ್ಳು ಹೇಳುತ್ತಿದೆ ಎಂದು ತೀರ್ಪಾಯಿತು. ಒಂದು ತಿಂಗಳು ಅದನ್ನು ಮುಟ್ಟಕೂಡದು, ಫ್ಯಾನೂ ಬೇಡ ಎಂದು ಅಪ್ಪಣೆ ಮಾಡಿದರು.

ಪಾಪ, ಟೈಲರಮ್ಮ ಚಾಚೂ ತಪ್ಪದೆ ನಡೆದುಕೊಂಡಳು. ಅಟ್ಟದಿಂದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಳಿಸಿದಳು. ಬೆವರು ಬಟ್ಟೆಗೆ ಬೀಳದಂತೆ ಹಣೆಗೆ ಟವೆಲು ಕಟ್ಟಿಕೊಂಡು ಹೊಲಿದಳು. ಇದ್ದಿಲಿನ ಕಿಡಿಯೊಂದು ಹಾರಿ ಒಂದು ಪ್ಯಾಂಟಿನ ಹಿಂಭಾಗದಲ್ಲಿ ಕಾಸಗಲದ ತೂತು ಬಿತ್ತು. ಪ್ಯಾಂಟು ಮೇಷ್ಟ್ರದೇ. ಅವರು ಅದನ್ನು ವಿಜ್ಞಾನಕ್ಕೆ ಅರ್ಪಿಸಿದೆ ಎಂದು ದೊಡ್ಡ ಮನಸ್ಸು ಮಾಡಿದರು.

ಅದೇ ತಿಂಗಳು ಮೇಷ್ಟ್ರ ನಾದಿನಿ ಗಂಡ ಮಕ್ಕಳೊಂದಿಗೆ ಹನ್ನೆರಡು ದಿನ ಬಂದಿದ್ದಳು. ಗೀಸರಿಗೆ ಬೆಳಗಿನಿಂದ ಬಿಡುವಿಲ್ಲ. ಮಕ್ಕಳು ಟೀವಿಯನ್ನು ಮಲಗಗೊಡಲಿಲ್ಲ. ಮೇಷ್ಟ್ರು ಸ್ವಿಚ್ ಆರಿಸುತ್ತ ಹೋದಂತೆ ಹಿಂದಿನಿಂದ ಆ ಮಕ್ಕಳು ಹಾಕುತ್ತ ಬಂದರು.

ತಿಂಗಳು ಮುಗಿಯಿತು. ಬಿಲ್ಲುಗಳು ಬಂದವು. ಟೈಲರಮ್ಮನದು ಇನ್ನೂರ ಅರವತ್ತು ಯೂನಿಟ್ಟು! ಮೇಷ್ಟ್ರ ಮನೆಯದು ಮೂವತ್ತು.

ನೆಂಟರು ತುಂಬಿದ್ದ ತಿಂಗಳಲ್ಲೂ ಬಿಲ್ಲು ಅರ್ಧಕ್ಕಿಂತ ಕೆಳಗೆ ಇಳಿದದ್ದನ್ನು ಕಂಡು ಮೇಷ್ಟ್ರ ಎದೆ ಉಬ್ಬಿತು. ಶಿಸ್ತು ಅಂದರೆ ಇದು ಎಂದು ಬಿಲ್ಲನ್ನು ಹೆಂಡತಿಯ ಮುಂದೆ ಹಿಡಿದರು. ಆಕೆ ಅದನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು.

"ರೀ, ಹನ್ನೆರಡು ದಿನ ಆರು ಜನ ಬಿಸಿನೀರು ಸುರ್ಕೊಂಡಿದೀವಿ. ಬಿಲ್ಲು ಇಳೀತು ಅಂದ್ರೆ ನಾವು ಸ್ನಾನ ಮಾಡಿದ್ದು ಯಾರ ಕರೆಂಟಲ್ಲಿ?"

ಮೇಷ್ಟ್ರು ನಕ್ಕುಬಿಟ್ಟರು. ಇಪ್ಪತ್ತನಾಲ್ಕಕ್ಕೆ ಆರು ಕೂಡಿದರೆ ಮೂವತ್ತು, ಈ ಅಂಕಿಗಳನ್ನು ಇತ್ತೀಚೆಗೆ ತಾವೇ ಎಲ್ಲೋ ಬರೆದಂತೆ ಒಂದು ಗಳಿಗೆ ಅನಿಸಿತು. ಆದರೆ ಆ ಗಳಿಗೆ ಬಂದ ದಾರಿಯಲ್ಲೇ ಹೋಯಿತು.

ಅಂದು ಸಂಜೆ ಅವರು ಟೈಲರಮ್ಮನ ಅಂಗಡಿಯ ಎಲ್ಲ ಸ್ವಿಚ್ಚನ್ನೂ ಆರಿಸಿ, ಮೆಟ್ಟಿಲ ಕೆಳಗಿನ ಮೀಟರುಗಳ ಮುಂದೆ ಟಾರ್ಚು ಹಿಡಿದು ನಿಂತರು. ಅಂಗಡಿಯ ಹೆಸರು ಬರೆದಿದ್ದ ಮೀಟರಿನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಅಂಗಡಿಯಲ್ಲಿ ಒಂದು ಸೂಜಿಮೊನೆಯಷ್ಟೂ ಕರೆಂಟು ಓಡುತ್ತಿಲ್ಲ, ಮೀಟರು ಮಾತ್ರ ಓಡುತ್ತಿದೆ. ಅಂದರೆ ಯಾರೋ ಈ ಬಡಪಾಯಿಯ ಲೈನಿಗೆ ಕೊಂಡಿ ಹಾಕಿ ಕರೆಂಟು ಕದಿಯುತ್ತಿದ್ದಾರೆ.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಸುದ್ದಿ ಹಬ್ಬಿ ಎದುರಿನ ಕ್ಷೌರದ ಅಂಗಡಿಯವನೂ, ಅರ್ಧ ಗಡ್ಡದ ಗಿರಾಕಿಯೂ, ಕಟ್ಟಡದ ಹತ್ತಾರು ಜನರೂ ರಸ್ತೆಯಲ್ಲಿ ಸೇರಿದರು. ಮೇಷ್ಟ್ರು ಉಪಾಯ ಹೇಳಿದರು: ಈ ಮೀಟರಿನ ಮೇನ್ ಸ್ವಿಚ್ ಇಳಿಸುತ್ತೇನೆ, ಎಲ್ಲರೂ ಕಿಟಕಿಗಳ ಕಡೆ ನೋಡುತ್ತಿರಿ, ಯಾವ ಮನೆ ಕತ್ತಲಾಗುತ್ತದೋ ಅದೇ ಕಳ್ಳನ ಮನೆ. ಉಪಾಯಕ್ಕೆ ಎಲ್ಲರೂ ತಲೆದೂಗಿದರು. ಮೇಷ್ಟ್ರು ಸ್ವಿಚ್ ಇಳಿಸಿ, ಕಳ್ಳನ ಮುಖ ನೋಡಲು ಓಡಿ ರಸ್ತೆಗೆ ಬಂದರು.

ಮೂರನೇ ಮಹಡಿಯಲ್ಲಿ ದೀಪವಿತ್ತು. ಎರಡನೆಯದರಲ್ಲೂ ಇತ್ತು. ಮೊದಲನೇ ಮಹಡಿಯಲ್ಲಿ ಒಂದೇ ಒಂದು ಮನೆ ಕತ್ತಲು. ಅದರ ಬಾಲ್ಕನಿಗೆ, ಕೈತುಂಬ ಹಿಟ್ಟು ಮೆತ್ತಿಕೊಂಡ ಒಬ್ಬ ಹೆಂಗಸು ಬಂದು ಬಗ್ಗಿ ನೋಡಿದಳು.

"ರೀ, ನಮ್ಮನೆ ಕರೆಂಟ್ ಒಂದೇ ಹೋಗಿದೆ, ಸ್ವಲ್ಪ ನೋಡಿ."

ಯಾರೂ ನಗಲಿಲ್ಲ. ನಗಲು ಹೊರಟ ಅರ್ಧ ಗಡ್ಡದವನನ್ನು ಕ್ಷೌರದವನು ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ. ಹದಿನಾಲ್ಕು ತಿಂಗಳ ಹಿಂದೆ, ಟೈಲರಮ್ಮ ಅಂಗಡಿ ತೆರೆದ ಹೊಸದರಲ್ಲಿ, ಕಟ್ಟಡಕ್ಕೆ ಬಣ್ಣ ಬಳಿಯುವಾಗ ಮೀಟರುಗಳನ್ನು ಬಿಚ್ಚಿ ಮತ್ತೆ ಕೂರಿಸಿದ್ದರು. ಆಗ ಎರಡು ತಂತಿ ಅದಲುಬದಲಾಗಿತ್ತು. ಅಂದಿನಿಂದ ಮೇಷ್ಟ್ರ ಗೀಸರು, ಫ್ರಿಜ್ಜು, ಟೀವಿಗೆಲ್ಲ ದುಡ್ಡು ಕಟ್ಟಿದವಳು ಟೈಲರಮ್ಮ. ಅವಳ ಇಸ್ತ್ರಿಪೆಟ್ಟಿಗೆಗೆ ಕಟ್ಟಿದವರು ಮೇಷ್ಟ್ರು.

ಮೇಷ್ಟ್ರಿಗೆ ಮನೆಗೆ ಹೋಗಿ ಮುಸುಕು ಹಾಕಿ ಮಲಗೋಣ ಅನಿಸಿತು. ಹಣೆಗೆ ಟವೆಲು ಕಟ್ಟಿಕೊಂಡು ಆಕೆ ಹೊಲಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಕೊನೆಗೆ ಅಂಗಡಿಯ ಹೊಸ್ತಿಲ ಬಳಿ ಹೋಗಿ ನಿಂತರು.

"ಅಮ್ಮಾ, ಕಳ್ಳ ಸಿಕ್ಕಿದ. ನಿಮ್ಮ ಮುಂದೇ ನಿಂತಿದಾನೆ."

ಟೈಲರಮ್ಮ ಸ್ಟೂಲಿನ ಮೇಲಿನ ಬಟ್ಟೆ ತೆಗೆದು ಕೂರಲು ಹೇಳಿದಳು.

"ಈ ಬಿಲ್ಲು ಹಿಡ್ಕೊಂಡು ಅಲೀದೇ ಇರೋ ಕಡೆ ಇಲ್ಲ ಮೇಷ್ಟ್ರೇ. ಆಫೀಸಲ್ಲಿ ಮೊದಲು ಕಟ್ಟಮ್ಮ, ಆಮೇಲೆ ನೋಡೋಣ ಅಂದ್ರು. ನನ್ನ ತಮ್ಮ, ನಿನಗೆ ಲೆಕ್ಕ ಬರಲ್ಲ ಅಕ್ಕಾ ಅಂದ. ನನ್ನ ಮಾತು ನಂಬಿ ಕೂತು ಲೆಕ್ಕ ಹಾಕಿದವ್ರು ನೀವೊಬ್ರೇ."

ಬೈದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. ಇದ್ದಿಲಿನ ಹೊಗೆ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡರು. ಪೆಟ್ಟಿಗೆ ಆರಿ ಎಷ್ಟೋ ಹೊತ್ತಾಗಿತ್ತು.

ಮೇಲೆ ಹೆಂಡತಿ ಆಗಲೇ ಹಳೆಯ ಬಿಲ್ಲುಗಳನ್ನೆಲ್ಲ ಡಬ್ಬದಿಂದ ಸುರಿದಿದ್ದಳು. ಹದಿನಾಲ್ಕು ತಿಂಗಳ ವ್ಯತ್ಯಾಸವನ್ನು ಮೇಷ್ಟ್ರು ಪೈಸೆ ಬಿಡದೆ ಕೂಡಿದರು. ಕೈಯಲ್ಲಿದ್ದದ್ದು ಸಾಲಲಿಲ್ಲ. ಹೆಂಡತಿ ಸೀರೆಗಳ ಅಡಿಯಿಂದ ಒಂದು ಪುಟ್ಟ ಗಂಟು ತೆಗೆದು, ಏನೂ ಕೇಳದೆ, ಹಂಗಿಸದೆ ಮುಂದಿಟ್ಟಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆಗೆ ಹಂಗಿಸಲು ಇಷ್ಟು ಒಳ್ಳೆಯ ಸಂದರ್ಭ ಸಿಕ್ಕಿರಲಿಲ್ಲ. ಅದನ್ನು ಬಿಟ್ಟುಕೊಟ್ಟಳಲ್ಲ ಎಂದು ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು.

ಲೈನ್‌ಮನ್ ಬಂದು ತಂತಿ ಸರಿಮಾಡಿದ. ಟೈಲರಮ್ಮ ಅಂಗಡಿ ಖಾಲಿ ಮಾಡಲಿಲ್ಲ. ಬಂದ ಹಣದಲ್ಲಿ ಇನ್ನೊಂದು ಮಿಷನ್ನು ಕೊಂಡಳು.

ಕೆಲವು ವಾರದ ಮೇಲೆ ಮೇಷ್ಟ್ರು ಅಂಗಿಯ ಅಳತೆ ಕೊಡಲು ಹೋದಾಗ ಅಲ್ಲಿ ಹೊಸ ಗಿರಾಕಿಯೊಬ್ಬರು ಕೂತಿದ್ದರು. ಟೈಲರಮ್ಮ ಎದ್ದು ನಿಂತು, ಕರೆಂಟ್ ಕಳ್ಳನನ್ನು ಹಿಡಿದುಕೊಟ್ಟ ಮೇಷ್ಟ್ರು ಇವರೇ ಎಂದು ಪರಿಚಯಿಸಿದಳು. ಗಿರಾಕಿ ಭಕ್ತಿಯಿಂದ ನಮಸ್ಕಾರ ಮಾಡಿ, ಆ ಕಳ್ಳ ಯಾರಂತೆ ಎಂದು ಕೇಳಿದರು. ಮೇಷ್ಟ್ರು ಎರಡೂ ಕೈ ಅಗಲಿಸಿ ಅಳತೆಗೆ ನಿಂತಿದ್ದರು, ಓಡಿಹೋಗುವಂತಿರಲಿಲ್ಲ.

ಟೈಲರಮ್ಮ ಟೇಪನ್ನು ಅವರ ಎದೆಯ ಸುತ್ತ ತಂದು, ಬೆರಳು ಇಟ್ಟು ಅಳತೆ ನೋಡಿದಳು.

"ಯಾರೋ ಪಾಪ, ಒಳ್ಳೇ ಮನುಷ್ಯ. ತಾನೇ ಕಳ್ಳ ಅಂತ ಅವರಿಗೇ ಗೊತ್ತಿರಲಿಲ್ಲ," ಎಂದಳು. "ಮೇಷ್ಟ್ರೇ, ಉಸಿರು ಬಿಡಿ. ಎದೆ ಉಬ್ಬಿಸಿದ್ರೆ ಅಳತೆ ತಪ್ಪುತ್ತೆ."