ಮಾವನವರು ಕೂತರೆ

ನಮ್ಮ ಮಾವನವರು ತಮ್ಮ ಜನ್ಮದಲ್ಲಿ ಕಲಿತ ವಿದ್ಯೆ ಒಂದೇ. ಕೂಡುವುದು. ಹೀಯಾಳಿಸಲು ಹೇಳುತ್ತಿಲ್ಲ. ಅವರ ಸೊಸೆಯಾಗಿ ಜೋಳ ಬೀಸಿ ಬೀಸಿ ಅಂಗೈ ಜಡ್ಡುಗಟ್ಟಿಸಿಕೊಂಡವಳು ನಾನು. ನನ್ನ ಮಾತಿಗೆ ಅಷ್ಟಾದರೂ ಬೆಲೆ ಬೇಡವೇ?

ಬೇರೆಯವರು ದಣಿದಾಗ ಕೂಡುತ್ತಾರೆ, ಉಣ್ಣಲು ಕೂಡುತ್ತಾರೆ, ಪೂಜೆಗೆ ಕೂಡುತ್ತಾರೆ. ಮಾವನವರು ಇನ್ನೊಬ್ಬರ ಬಾಗಿಲಲ್ಲಿ ಕೂಡುತ್ತಿದ್ದರು. ಬಡವರಿಗೆ ಯಾರೋ ಅನ್ಯಾಯ ಮಾಡಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ತಮ್ಮ ಅಂಗಡಿಯನ್ನು ನಮ್ಮ ಅತ್ತೆಯ ಮೇಲೆ ಬಿಟ್ಟು ಹೊರಟೇಬಿಡುವರು. ಅನ್ಯಾಯ ಮಾಡಿದವನ ಹೊಸ್ತಿಲ ಮುಂದೆ ಕಂಬಳಿ ಹಾಸಿ ಕೂಡುವರು. ಬೈಗುಳವಿಲ್ಲ, ಜಗಳವಿಲ್ಲ. ನಗುನಗುತ್ತಾ ಕತೆ ಹೇಳುವುದು. ಯಾವ ಕತೆ? ಯಾವ ಕಾಲದಲ್ಲೋ ಅವರು ಬಂಡಿಯಲ್ಲಿ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಹೈದರಾಬಾದು ನೋಡಿ ಬಂದಿದ್ದರಲ್ಲ, ಆ ಕತೆ. ಬಂಡಿಯ ಎತ್ತಿನ ಬಣ್ಣದಿಂದ ಶುರುವಾಗಿ, ದಾರಿಯಲ್ಲಿ ಕಂಡ ಪ್ರತಿಯೊಂದು ಬಾವಿಯ ನೀರಿನ ರುಚಿಯನ್ನು ಮುಟ್ಟಿ, ಕತೆ ಸ್ಟೇಷನ್ನಿಗೆ ಬರುವ ಹೊತ್ತಿಗೆ ಎದುರಿನವನು ಸೋತು, ಅವರು ಹೇಳಿದ್ದಕ್ಕೆಲ್ಲ ಹೂಂ ಎಂದಿರುತ್ತಿದ್ದ. ಬೀದರದಿಂದ ಔರಾದದವರೆಗೆ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಕತೆಯಿಂದ ಎಂದು ಜನ ಅವರಿಗೆ ಕೈಯೆತ್ತಿ ಮುಗಿಯುತ್ತಿದ್ದರು. ಮುಗಿಯಲಿ ಪಾಪ. ಅವರಾರೂ ಮಾವನವರ ಮನೆಯಲ್ಲಿ ಸೊಸೆಯಾಗಿರಲಿಲ್ಲ.

ನಾನು ಭಾಲ್ಕಿಯವಳು. ಮದುವೆಯಾಗಿ ಬೀದರಿಗೆ ಬಂದ ದಿನ ಪಡಸಾಲೆಯ ತುಂಬ ಜನ. ಹಿರಿಯರಿಗೆಲ್ಲ ನಮಸ್ಕಾರ ಮಾಡು, ಯಾರನ್ನೂ ಬಿಡಬೇಡ ಎಂದು ಅವ್ವ ಹೇಳಿ ಕಳಿಸಿದ್ದಳು. ನಾನು ಒಂದು ತುದಿಯಿಂದ ಬಗ್ಗುತ್ತಾ ಹೋದೆ. ಮೂಲೆಯಲ್ಲಿದ್ದ ಒಬ್ಬ ಮುದುಕ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡು ಗಾಬರಿಯಾಗಿ, "ನಾ ಮನ್ನಳ್ಳಿಯಾಂವ ಇದ್ದೇನ್ರಿ ತಾಯಿ, ವೈದ್ಯರ ಮನಿ ಎಲ್ಲಿ ಅಂತ ಕೇಳಾಕ ಬಂದಿದ್ದೆ, ಉಂಡು ಹೋಗು ಅಂದ್ರು" ಎಂದ. ಅತ್ತೆ ನನ್ನ ಕಿವಿಯಲ್ಲಿ, "ಇದರಾಗ ನಮ್ಮವರು ಯಾರು ಅಂತ ನನಗೂ ಪೂರಾ ಗೊತ್ತಿಲ್ಲವಾ. ಇನ್ನ ಮ್ಯಾಲ ನನ್ನ ಕೇಳಿ ಬಗ್ಗು" ಎಂದರು.

ಆ ಕಾಲದಲ್ಲಿ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಅತ್ತೆ ಮನೆಯಲ್ಲಿದ್ದರೆ ಅವರ ಮೂಲಕ, ಇಲ್ಲದಿದ್ದರೆ ಪಡಸಾಲೆಯ ಕಂಬದ ಮೂಲಕ. ನಾನು ಒಳಗಿನಿಂದ, "ಕಂಬಪ್ಪಾ, ಹಿಟ್ಟು ಮುಗದದ ಅಂತ ಹೇಳು" ಎನ್ನುತ್ತಿದ್ದೆ. ಮಾವನವರು ಹೊರಗಿನಿಂದ, "ಕಂಬಪ್ಪಾ, ಇನ್ನಾ ನಾಕ ಮಂದಿ ಬರೋರಿದ್ದಾರ ಅಂತ ಹೇಳು" ಎನ್ನುತ್ತಿದ್ದರು. ಆ ಕಂಬಕ್ಕೆ ಕಾಲಿದ್ದಿದ್ದರೆ ಎಂದೋ ಮನೆ ಬಿಟ್ಟು ಹೋಗುತ್ತಿತ್ತು.

ನಾನು ಬಂದ ಮರುವರ್ಷ ಔರಾದದ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರನ್ನು ಕರೆತಂದರು. ಪ್ಲೇಗಿನಲ್ಲಿ ತಂದೆತಾಯಿ ಹೋಗಿ, ಮೀಸೆ ಮೂಡುವ ವಯಸ್ಸಿಗೆ ಊರ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದವರು. ಅವರಿಗೆ ಕರಿ ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದರಿ ಕೆಲಸ ಕಲಿಸಬೇಕೆಂದು ಮಾವನವರು ಒಬ್ಬ ಉಸ್ತಾದರ ಬಳಿ ಹೋದರು.

"ಈ ಕಸಬು ನಮ್ಮ ಖಾಂದಾನದ್ದು, ಸಾವಕಾರ್ರೆ. ಹೊರಗಿನವರಿಗಿ ಕಲಸಂಗಿಲ್ರಿ" ಎಂದರು ಉಸ್ತಾದರು.

"ಕಲಸ್ರಿ ಅಂತ ನಾ ಅಂದೇನೇನ್ರಿ? ನಿಮ್ಮ ಬಾಗಲಾಗ ನೆರಳು ಚಂದ ಅದ. ಸ್ವಲ್ಪ ಕುಂದ್ರತೇನಿ" ಎಂದರು ಮಾವನವರು. ಕಂಬಳಿ ಹಾಸಿದರು.

ಕೆಲವು ದಿನಗಳ ಮೇಲೆ ಉಸ್ತಾದರೇ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಅತ್ತೆಗೆ ಕೈಮುಗಿದು, "ಬಹೆನ್, ಅವರನ್ನ ಕರಕೊಂಡು ಬರ್ರಿ. ಅವರ ಬಂಡಿ ಇನ್ನಾ ವಿಕಾರಾಬಾದ ಮುಟ್ಟಿಲ್ಲ. ಅದನ್ನ ಕೇಳಿ ಕೇಳಿ ನನ್ನ ಬೆಳ್ಳಿ ತಂತಿ ಹೂವಿನಾಗ ಕುಂದ್ರವಲ್ದು" ಎಂದರು.

"ಬ್ಯಾಡ್ರಿ ಭಾಯಿ, ಅಲ್ಲೇ ಇಟ್ಕೋರಿ. ನಮಗೂ ನಾಕ ದಿನ ಆರಾಮ ಆಗ್ತದ" ಎಂದರು ಅತ್ತೆ.

ಉಸ್ತಾದರಿಗೆ ಬೇರೆ ದಾರಿ ಉಳಿಯಲಿಲ್ಲ. ಆ ಅಣ್ಣತಮ್ಮಂದಿರು ಕಲಿತರು, ಚೆನ್ನಾಗಿಯೇ ಕಲಿತರು. ಆದರೆ ಕಲಿಯುವವರೆಗೆ ಅವರು ಉಂಡದ್ದು ಎಲ್ಲಿ? ನಮ್ಮಲ್ಲಿ. ಹೊಟ್ಟೆಯೇ ಅದು? ಕೋಟೆಯ ಕಂದಕ! ನಾನು ರೊಟ್ಟಿ ಬಡಿಯುತ್ತಾ ಇದ್ದರೆ ಅದು ಹಂಚಿನಿಂದ ಬುಟ್ಟಿಗೆ ಬೀಳುವ ಮೊದಲೇ ಮಾಯವಾಗುತ್ತಿತ್ತು.

ನನಗೆ ಮೊದಲ ಮಗುವಾದಾಗ ತವರಿನಿಂದ ತೊಟ್ಟಿಲು ಬಂತು. ಬಣ್ಣ ಹಚ್ಚಿದ, ಗಿಳಿ ಕೆತ್ತಿದ ತೊಟ್ಟಿಲು. ಹೆಸರಿಡುವ ಶಾಸ್ತ್ರ ಮುಗಿದ ಮರುದಿನ ನೋಡುತ್ತೇನೆ, ತೊಟ್ಟಿಲಿಲ್ಲ. ಕುಂಬಾರರ ಮನೆಯಲ್ಲಿ ಅವಳಿ ಕೂಸು ಹುಟ್ಟಿವೆಯೆಂದು ಮಾವನವರು ಹೊತ್ತು ಕೊಟ್ಟು ಬಂದಿದ್ದರು. ನಾನು ಕಂಬದ ಮುಂದೆ ನಿಂತು ಮನಸ್ಸಿಗೆ ಬಂದದ್ದೆಲ್ಲ ಅಂದೆ. ಅವರು ಎಲ್ಲ ಕೇಳಿ, ಮೆಲ್ಲಗೆ ಕಂಬಕ್ಕೇ ಹೇಳಿದರು: "ನಮ್ಮ ಕೂಸಿಗಿ ಎತ್ತಿಕೊಳ್ಳೋ ಕೈ ಬಾಳ ಅವ. ಅಲ್ಲಿ ಕೂಸು ಎರಡು, ಕೈನೂ ಎರಡೇ."

ಎದುರಿನವರ ಮಾತು ಸರಿಯಿದ್ದರೆ ಸಿಟ್ಟು ಇನ್ನೂ ಹೆಚ್ಚುತ್ತದೆ, ನಿಮಗೂ ಗೊತ್ತು.

ಆ ವರ್ಷದ ಬೇಸಗೆಯ ಕೊನೆಗೆ ಭಾಗವ್ವ ಬಂದಳು. ಜನವಾಡದ ಆಚೆಯ ಒಂದು ಹಳ್ಳಿಯವಳು. ಗಂಡ ಪ್ಲೇಗಿನಲ್ಲಿ ತೀರಿಕೊಂಡಿದ್ದ. ಮೈದುನರು ಅವಳ ಮನೆಗೆ ಕೀಲಿ ಹಾಕಿ, ಅವಳ ಪಾಲಿನ ಹೊಲಕ್ಕೆ ತಮ್ಮ ಎತ್ತು ಇಳಿಸಿದ್ದರು. ಊರ ಪಾಟೀಲ ಕಂಡೂ ಕಾಣದಂತೆ ಇದ್ದ. ಭಾಗವ್ವನ ಸೆರಗು ಹಿಡಿದುಕೊಂಡು ಇಬ್ಬರು ಹೆಣ್ಣುಮಕ್ಕಳು; ಹಿರಿಯವಳಂತೂ ಯಾರ ಹತ್ತಿರವೂ ತುಟಿ ಬಿಚ್ಚುತ್ತಿರಲಿಲ್ಲ. ಮಾವನವರು ಅವರನ್ನು ನಮ್ಮ ಮನೆಯಲ್ಲಿಳಿಸಿ, ಕಂಬಳಿ ಹೆಗಲಿಗೇರಿಸಿ, ಪಾಟೀಲನ ವಾಡೆಯ ಮುಂದೆ ಕೂಡಲು ಹೋದರು.

ಇಲ್ಲಿ ಅವರ ವಿದ್ಯೆ ಕೈಕೊಟ್ಟಿತು. ಆ ಪಾಟೀಲನಿಗೆ ಕತೆ ಹಿಡಿಸಿಬಿಟ್ಟಿತು! ಎಲ್ಲರೂ ಕಿವಿ ಮುಚ್ಚಿಕೊಂಡು ಓಡುವ ಕತೆಯನ್ನು ಅವನು ಗೋಡೆಗೆ ಒರಗಿ, ಎಲೆಯಡಿಕೆ ಮೆಲ್ಲುತ್ತಾ, "ಹೌದಾ? ಮುಂದ ಏನಾತ್ರಿ?" ಎಂದು ಕೇಳತೊಡಗಿದ. ಮಾವನವರಿಗೆ ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹೇಳಿದರು, ಹೇಳಿದರು, ರೈಲು ಹೈದರಾಬಾದನ್ನೂ ಮುಟ್ಟಿತು, ವಾಪಸ್ಸೂ ಬಂತು. ಕತೆ ಮುಗಿಯಿತು. ಪಾಟೀಲ, "ಬಾಳ ಚಂದ ಆತ್ರಿ" ಎಂದು ಬಾಗಿಲು ಮುಚ್ಚಿಕೊಂಡ. ಮೇಲಿನಿಂದ ಮೊದಲ ಮಳೆ ಸುರಿಯಿತು. ಮಾವನವರು ಏಳಲಿಲ್ಲ. ಕೊನೆಗೆ ಊರವರೇ ಯಾರೋ ಬಂಡಿ ಕಟ್ಟಿ, ಜ್ವರದಲ್ಲಿ ಕೆಂಡವಾಗಿದ್ದ ಅವರನ್ನು ಮನೆಗೆ ತಂದು ಮಲಗಿಸಿ ಹೋದರು.

ಮಲಗಿದರೇ? ಕಣ್ಣು ಬಿಟ್ಟಾಗಲೆಲ್ಲ ಕಂಬಳಿ ಕೇಳುವರು, ಎದ್ದು ನಿಲ್ಲುವರು, ಕುಸಿಯುವರು. ನಮ್ಮವರು, ಅಂದರೆ ನನ್ನ ಗಂಡ, ಸಮಾಧಾನ ಹೇಳಿದರು, "ಅಪ್ಪಾ, ಜ್ವರ ಬಿಡ್ಲಿ. ಆಮ್ಯಾಲ ನೋಡೋಣು."

"ಬಿತ್ತಗಿ ಹೊತ್ತು ಕಾಯಂಗಿಲ್ಲೋ. ಮಳಿ ಬಿಟ್ಟ ಕೂಡ್ಲೇ ಅವರು ಆ ಹೊಲ ಬಿತ್ತತಾರ. ಒಮ್ಮಿ ಬಿತ್ತಿದ್ರ, ಮುಂದ ಅದು ಅಕಿದು ಅನ್ನೋರು ಯಾರೂ ಉಳಿಯಂಗಿಲ್ಲ" ಎಂದು ಮಾವನವರು ಮತ್ತೆ ಕಾಲು ಕೆಳಗಿಟ್ಟರು.

ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಏನಾಯಿತೋ, ಎದ್ದು ಬಂದೆ. ಕಂಬ ದಾಟಿ ಬಂದೆ. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಅವರ ಎದುರಿಗೇ ನಿಂತು, "ಮಾವಾರೆ, ನೀವು ಸುಮ್ನ ಮಲಕೋರಿ. ನಾ ಹೋಗ್ತೇನಿ" ಎಂದೆ.

ಕರುಣೆಯಿಂದ ಅಂದೆನೆಂದು ತಿಳಿಯಬೇಡಿ. ಈ ಮನುಷ್ಯರು ಹೀಗೇ ಏಳುತ್ತ ಬೀಳುತ್ತ ಇದ್ದರೆ ಅವರ ಆರೈಕೆಯೂ ನನ್ನ ತಲೆಗೇ, ಭಾಗವ್ವನ ಸಂಸಾರದ ರೊಟ್ಟಿಯೂ ನನ್ನ ತಲೆಗೇ. ನನಗೆ ಬಂದದ್ದು ಶುದ್ಧ ಸಿಟ್ಟು.

ಮರುದಿನ ಮಳೆ ಬಿಟ್ಟು ಬಿಸಿಲು ಬಿತ್ತು. ನಮ್ಮವರು ಬಂಡಿ ಹೊಡೆದರು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಭಾಗವ್ವ, ಅವಳ ಮಕ್ಕಳು, ನಾನು ಹೊರಟೆವು. ಭಾಗವ್ವನ ಊರ ಅಗಸೆಬಾಗಿಲ ಹತ್ತಿರ ನಮ್ಮವರು, "ನೀವು ನಡೀರಿ, ಎತ್ತಿಗಿ ನೀರು ಕುಡಸ್ಕೊಂಡು ಬರ್ತೇನಿ" ಎಂದರು. ಆ ಎತ್ತುಗಳು ಮಧ್ಯಾಹ್ನ ಇಳಿಯುವವರೆಗೂ ನೀರು ಕುಡಿದವು.

ವಾಡೆಯ ಮುಂದೆ ಕೂತೆ. ನನಗೇನು ರೈಲಿನ ಕತೆ ಬರುತ್ತದೆಯೇ? ನೀರಿಗೆ ಹೊರಟಿದ್ದ ಹೆಂಗಸರು ಬಿಂದಿಗೆ ಹೊತ್ತು ನಿಂತರು. "ಯಾರ್ರಿ ನೀವು? ಇಲ್ಲಿ ಯಾಕ ಕುಂತೀರಿ?" ಎಂದು ಒಬ್ಬಾಕೆ ಕೇಳಿದಳು.

ಕೇಳಬಾರದಿತ್ತು. ನನ್ನ ಬಾಯಿ ತೆರೆಯಿತು. "ನಾ ಬೀದರದಾಕಿ ಇದ್ದೇನ್ರಿ. ನಿಮ್ಮೂರ ಸೊಸಿಗಿ ನಿಮ್ಮೂರಾಗ ಮನಿ ಇಲ್ಲಂತ ನಮ್ಮ ಮನ್ಯಾಗ ಅದಾಳ. ಕೋಳಿ ಕೂಗಕಿಂತ ಮೊದ್ಲ ಎದ್ದು ಬೀಸತೇನ್ರಿ. ಬೀಸಿ ನಾದಬೇಕು, ನಾದಿ ಬಡೀಬೇಕು, ಎಲ್ಲರದೂ ಆದ ಮ್ಯಾಲ ನನಗ ಬುಟ್ಟಿ ತಳದಾಗ ಒಣಗಿದ ಚೂರು. ನಾ ಏನು ತಪ್ಪು ಮಾಡೇನ್ರಿ? ಈ ಊರಿಗಿ ನಾ ಏನು ಕೆಟ್ಟದ್ದು ಮಾಡೇನಿ?" ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಮದುವೆಯಾದಾಗಿನಿಂದ ಕಂಬದ ಹತ್ತಿರ ಹೇಳಿದ್ದೆಲ್ಲವೂ ಹೊರಗೆ ಬಂತು. ಬಿಂದಿಗೆಗಳು ಒಂದೊಂದಾಗಿ ನೆಲಕ್ಕಿಳಿದವು. ಸೊಸೆಯಂದಿರು ಕಣ್ಣೊರೆಸಿಕೊಂಡರು, ಬಹುಶಃ ಭಾಗವ್ವನ ಸಲುವಾಗಿ ಅಲ್ಲ.

ಪಾಟೀಲನ ಹೆಂಡತಿ ಬಾಗಿಲಿಗೆ ಬಂದಳು. "ಬಿಸಲಾಗ ಯಾಕ ಕುಂತೀಯವಾ? ಒಳಗ ಬಾ, ನೀರು ಕುಡಿ."

"ಬರ್ತೇನ್ರಿ ಅವ್ವಾ. ನಾ ಒಳಗ ಬಂದ್ರ, ಈ ಭಾಗವ್ವ ಎಲ್ಲಿಗಿ ಹೋಗ್ಬೇಕ್ರಿ?"

ಆಕೆ ಉತ್ತರ ಕೊಡುವ ಮೊದಲೇ ಭಾಗವ್ವನ ಹಿರಿಯ ಮಗಳು, ಅಷ್ಟು ದಿನ ನಮ್ಮ ಮನೆಯಲ್ಲಿ ತುಟಿ ಬಿಚ್ಚದಿದ್ದವಳು, ಕೈ ಚಾಚಿ ತೋರಿಸಿ, "ನಮ್ಮ ಮನಿ ಅಲ್ಲೇ ಅದ. ಕಾಕಾ ಕೀಲಿ ಹಾಕ್ಯಾನ" ಎಂದಳು.

ಪಾಟೀಲನ ಹೆಂಡತಿ ಆ ಕಡೆ ನೋಡಿದಳು. ಮನೆ ಅಷ್ಟು ಹತ್ತಿರದಲ್ಲಿತ್ತು. ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ಹೋದಳು.

ಉಣ್ಣುವ ಹೊತ್ತಿಗೆ ಪಾಟೀಲ ಹೊಲದಿಂದ ಬಂದ. ನಮ್ಮನ್ನು ದಾಟಿಕೊಂಡು ಒಳಗೆ ಹೋದ. ಹೆಂಡತಿ ಊಟಕ್ಕೆ ತಾಟು ಹಾಕಿರಲಿಲ್ಲವೆಂದು ಕಾಣುತ್ತದೆ. ಮೊದಲು ಅವನ ದನಿ ಏರಿತು, ಆಮೇಲೆ ಆಕೆಯ ದನಿ, ಆಮೇಲೆ ಆಕೆಯ ದನಿಯೊಂದೇ. ಬಹಳ ಹೊತ್ತಿನ ಮೇಲೆ ಅವನು ಹೊರಬಂದು, ಭಾಗವ್ವನ ಮೈದುನರನ್ನು ಕರೆತರಲು ತಳವಾರನನ್ನು ಕಳಿಸಿದ. ಅವರು ಬಂದು ನಿಂತಾಗ ಎಲ್ಲರಿಗೂ ಕೇಳುವ ಹಾಗೆ, "ಮನಿ ಕೀಲಿ ತಗೀರಿ. ಹೊಲದಾಗ ಅಕಿ ಪಾಲು ಅಕಿಗಿ. ನಾಳಿ ಬಿತ್ತಗಿ ನಮ್ಮ ಎತ್ತು ಹೋಗ್ತಾವ" ಎಂದ. ಮೈದುನರು ಏನೋ ಅನ್ನಲು ಬಾಯಿ ತೆರೆದು, ನಿಂತಿದ್ದ ಹೆಂಗಸರ ಸಾಲನ್ನು ನೋಡಿ ಮುಚ್ಚಿಕೊಂಡರು. ಪಾಟೀಲ ನನ್ನ ಕಡೆ ತಿರುಗಿ, "ಮುದುಕರ ಕತಿ ಚಂದ ಇತ್ತವಾ. ನಿಂದು ಚಂದ ಇಲ್ಲ" ಎಂದ.

ಭಾಗವ್ವ ಮನೆಯೊಳಗೆ ಹೋಗಿ ಒಲೆ ಸಾರಿಸುವುದನ್ನು ನೋಡಿ ನಾನು ಹೊರಟೆ. ಎತ್ತುಗಳಿಗೂ ಅಷ್ಟರಲ್ಲಿ ನೀರಡಿಕೆ ತೀರಿತ್ತು.

ಬೀದರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬೆಳಗಿನಿಂದ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ, ಗಂಟಲು ಕೂತುಹೋಗಿತ್ತು. ಈಗ ಹೋಗಿ ಒಲೆ ಹೊತ್ತಿಸಬೇಕು, ಯಾರ್ಯಾರು ಬಂದು ಕೂತಿದ್ದಾರೋ ಎಂದು ಗೊಣಗುತ್ತಲೇ ಒಳಗೆ ಕಾಲಿಟ್ಟೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಕೂಸನ್ನು ಸೊಂಟಕ್ಕೇರಿಸಿಕೊಂಡು ಅಂಗಡಿ ಮುಚ್ಚಲು ಹೋಗಿದ್ದರು. ಅಡುಗೆಮನೆಯಿಂದ ಹೊಗೆ ಬರುತ್ತಿತ್ತು.

ಮಾವನವರು ಒಲೆಯ ಮುಂದೆ ಕುಕ್ಕರುಗಾಲಲ್ಲಿದ್ದರು. ಹೆಗಲ ಮೇಲೆ ಕಂಬಳಿ, ಗಡ್ಡಕ್ಕೆಲ್ಲ ಹಿಟ್ಟು. ಹಂಚಿನ ಮೇಲಿದ್ದದ್ದನ್ನು ರೊಟ್ಟಿ ಎನ್ನಬೇಕು; ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋಗಿತ್ತು. ಭಾಗವ್ವನಿಗೆ ಏನಾಯಿತು, ಪಾಟೀಲ ಏನೆಂದ, ಒಂದನ್ನೂ ಕೇಳಲಿಲ್ಲ. ತಾಟಿಗೆ ರೊಟ್ಟಿ ಹಾಕಿ, ಖಾರದ ಹಿಂಡಿ ಇಟ್ಟು, ಮೇಲೆ ಬೆಣ್ಣೆ ಇಟ್ಟು ನನ್ನ ಕಡೆ ಸರಿಸಿದರು. "ಮುಂಜಾನಿಂದ ಏನೂ ತಿಂದಿಲ್ಲಲ್ಲವಾ ನೀ" ಎಂದರು.

ನಾನು ತಾಟು ಹಿಡಿದು ನಿಂತೇ ಇದ್ದೆ. ಮಾವನ ಎದುರು ಕೂತು ಉಣ್ಣುವುದು ಹೇಗೆ? ಅವರಿಗೆ ತಿಳಿಯಿತು. ಗೋಡೆಗೆ ಕೈಕೊಟ್ಟು ಮೆಲ್ಲಗೆ ತಿರುಗಿ, ನನಗೆ ಬೆನ್ನು ಮಾಡಿ, ಮುಖವನ್ನು ಗೋಡೆಗೆ ಇಟ್ಟುಕೊಂಡರು.

ನಾನು ಉಂಡೆ. ಜ್ವರಕ್ಕೆ ಅವರ ಬೆನ್ನು ಕಂಬಳಿಯೊಳಗೆ ನಡುಗುತ್ತಿತ್ತು. ಬೇಗ ಮುಗಿಸಿದರೆ ಅವರು ಹೋಗಿ ಮಲಗಬಹುದೆಂದು ದೊಡ್ಡ ದೊಡ್ಡ ತುತ್ತು ನುಂಗತೊಡಗಿದೆ. ಸದ್ದು ಅವರಿಗೆ ಕೇಳಿಸಿರಬೇಕು.

"ಸಾವಕಾಶ ಉಣ್ಣು ತಾಯಿ" ಎಂದರು. "ಇವತ್ತು ಯಾರಿಗೂ ಬರ್ರಿ ಅಂತ ಅಂದಿಲ್ಲ."